ಮೂಲೆ ನೋಡಿ, ಆಮೇಲೆ ಮನೆ: ಐರಿಶ್ ವಲಸಿಗರ ದಿಮ್ಮಿ ಮನೆಗಳ ಹಾದಿಯಲ್ಲಿ ಐದು ದಿನ

ಅಮೆರಿಕದ ಗಡಿನಾಡಿನಲ್ಲಿ ಐರಿಶ್ ವಲಸಿಗರು ಕಟ್ಟಿಕೊಂಡ ಮನೆ ಎಂದೊಡನೆ ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿದ ಸಣ್ಣ ಕ್ಯಾಬಿನ್ನಿನ ಚಿತ್ರ ಕಣ್ಣಮುಂದೆ ಬರುತ್ತದೆ. ಆ ಚಿತ್ರ ಅರ್ಧ ಮಾತ್ರ ಸರಿ. ಐರ್ಲೆಂಡಿನಿಂದ ಹೊರಟವರಿಗೆ ದಿಮ್ಮಿಮನೆ ಕಟ್ಟಿ ಗೊತ್ತೇ ಇರಲಿಲ್ಲ. 1700ರ ಹೊತ್ತಿಗೆ ಅಲ್ಲಿನ ಕಾಡು ಬಹುಪಾಲು ಕಡಿದು ಮುಗಿದಿತ್ತು. ಜನ ಇದ್ದದ್ದು ಕಲ್ಲು ಮಣ್ಣಿನ ಗೋಡೆಯ, ಹುಲ್ಲು ಹೊದಿಸಿದ ಮನೆಗಳಲ್ಲಿ. ದಿಮ್ಮಿ ಜೋಡಿಸುವ ವಿದ್ಯೆಯನ್ನು ಅವರು ಪೆನ್ಸಿಲ್ವೇನಿಯಾದ ನೆರೆಹೊರೆಯವರಿಂದ ಕಲಿತರು. ಮನೆಯ ಅಳತೆ ಮಾತ್ರ ತವರಿನದೇ. ಈ ಎರಡೂ ಹೇಗೆ ಒಂದಾದವು ಎಂಬುದು ಕಣ್ಣಿಗೆ ಕಾಣಬೇಕಾದರೆ ವರ್ಜೀನಿಯಾದ ಶೆನಾಂಡೊವಾ ಕಣಿವೆಯಿಂದ ಟೆನೆಸ್ಸಿಯವರೆಗೆ ಐದು ದಿನ ಇಟ್ಟುಕೊಳ್ಳಬೇಕು. ವಾಷಿಂಗ್ಟನ್ ಸುತ್ತಮುತ್ತ ಇರುವ ಕನ್ನಡಿಗರು ವಾರಾಂತ್ಯಕ್ಕೆ ಮೊದಲೆರಡು ದಿನದಷ್ಟನ್ನೇ ಮಾಡಿದರೂ ನಷ್ಟವಿಲ್ಲ.

ಮೊದಲ ದಿನ: ಸ್ಟಾಂಟನ್, ಟೈರೋನಿನಿಂದ ಬಂದ ಕಲ್ಲುಮನೆ

ವಾಷಿಂಗ್ಟನ್ ಕಡೆಯಿಂದ ಇಂಟರ್‌ಸ್ಟೇಟ್ 66ರಲ್ಲಿ ಪಶ್ಚಿಮಕ್ಕೆ ಹೋಗಿ, 81 ಸಿಕ್ಕಲ್ಲಿ ದಕ್ಷಿಣಕ್ಕೆ ತಿರುಗಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಸ್ಟಾಂಟನ್ ಊರು. 222ನೇ ಎಕ್ಸಿಟ್‌ನಲ್ಲಿ ಇಳಿದ ತಕ್ಷಣವೇ ಫ್ರಾಂಟಿಯರ್ ಕಲ್ಚರ್ ಮ್ಯೂಸಿಯಂ. ಮ್ಯೂಸಿಯಂ ಎಂದರೆ ಗಾಜಿನ ಪೆಟ್ಟಿಗೆ ಎಂದುಕೊಳ್ಳಬೇಡಿ. ಬಯಲಿನಲ್ಲಿ ದೂರ ದೂರ ಇರುವ ತೋಟದ ಮನೆಗಳು. ಇಂಗ್ಲೆಂಡಿನ ವೂಸ್ಟರ್‌ಶೈರ್, ಜರ್ಮನಿಯ ರೈನ್ ಸೀಮೆ, ಉತ್ತರ ಐರ್ಲೆಂಡಿನ ಟೈರೋನ್ ಕೌಂಟಿ, ಈ ಮೂರು ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಪಶ್ಚಿಮ ಆಫ್ರಿಕಾದ ಇಗ್ಬೋ ಜನರ ಮನೆಯಂಗಳವನ್ನೂ ಹೊಸದಾಗಿ ರಚಿಸಿದ್ದಾರೆ. ಇಡೀ ದಿನ ನಡೆಯುವುದೇ ಕೆಲಸ, ಮಳೆ ಬಿದ್ದರೆ ದಾರಿ ಜಾರುತ್ತದೆ, ಗಟ್ಟಿ ಷೂ ಹಾಕಿಕೊಳ್ಳಿ. ಚಳಿಗಾಲದಲ್ಲಿ ಬೇಗ ಮುಚ್ಚುತ್ತಾರೆ, ವೇಳೆ ವಿಚಾರಿಸಿಕೊಂಡು ಹೊರಡಿ.

ಮೊದಲು ಟೈರೋನಿನ ಮನೆಗೆ ಹೋಗಿ. ಡ್ರಮ್‌ಕ್ವಿನ್ ಎಂಬ ಊರಿನ ಬಳಿಯಿಂದ ಬಂದದ್ದು. ಸುಣ್ಣ ಬಳಿದ ಕಲ್ಲಿನ ಗೋಡೆ, ಹುಲ್ಲಿನ ಮಾಡು. ಇಲ್ಲಿ ಗಮನಿಸಬೇಕಾದದ್ದು ಮೂರೇ ಮೂರು: ಅಗಲ, ಬಾಗಿಲು, ಒಲೆ.

ಐರ್ಲೆಂಡಿನ ಉತ್ತರದ ಅಲ್ಸ್ಟರ್ ಸೀಮೆಯ ರೈತನ ಮನೆ ಯಾವಾಗಲೂ ಒಂದೇ ಕೋಣೆಯಷ್ಟು ಅಗಲ. ಉದ್ದಕ್ಕೆ ಇನ್ನೊಂದು ಕೋಣೆ ಸೇರಿಸಬಹುದು, ಅಗಲಕ್ಕೆ ಇಲ್ಲ. ಕಾರಣ ಸರಳ. ಮಾಡಿಗೆ ಬೇಕಾದ ಉದ್ದನೆಯ ಮರ ಸಿಗುತ್ತಿರಲಿಲ್ಲ. ಜೌಗುನೆಲದಲ್ಲಿ ಹೂತುಹೋದ ಹಳೆಯ ಓಕ್ ಮರವನ್ನು ಅಗೆದು ತೆಗೆದು ಬಳಸುತ್ತಿದ್ದ ಕಾಲ ಅದು. ಸಿಕ್ಕ ಮರ ಎಷ್ಟು ಅಂತರವನ್ನು ದಾಟುತ್ತದೋ ಅಷ್ಟೇ ಮನೆಯ ಅಗಲ, ಹೆಚ್ಚೆಂದರೆ 15, 16 ಅಡಿ. ಇನ್ನು ಅಲ್ಸ್ಟರ್‌ನ ಹಳೆಯ ಮನೆಗಳಲ್ಲಿ ಮುಂಬಾಗಿಲಿಗೆ ನೇರ ಎದುರಾಗಿ ಹಿಂಬಾಗಿಲು ಇರುವುದು ವಾಡಿಕೆ. ಒಲೆ ನಡುಮನೆಯಲ್ಲಲ್ಲ, ತುದಿಗೋಡೆಗೆ ಅಂಟಿಕೊಂಡಿರುತ್ತದೆ. ಈ ಮೂರು ಸಂಗತಿ ನೆನಪಿಟ್ಟುಕೊಂಡರೆ ಮುಂದಿನ ನಾಲ್ಕು ದಿನಕ್ಕೆ ಬೇರೆ ಕೈಪಿಡಿ ಬೇಡ.

ಹುಲ್ಲಿನ ಮಾಡನ್ನು ಒಳಗಿನಿಂದ ತಲೆಯೆತ್ತಿ ನೋಡಿ. ಮರದ ಚೌಕಟ್ಟಿನ ಮೇಲೆ ಮೊದಲು ಹುಲ್ಲುಬೇರು ಸಮೇತ ಕಂಬಳಿಯಂತೆ ಸುಲಿದ ಮಣ್ಣಿನ ಪದರ ಹಾಸುತ್ತಾರೆ. ಅದರ ಮೇಲೆ ಒಣಹುಲ್ಲಿನ ಕಟ್ಟುಗಳು. ಕಟ್ಟನ್ನು ಹಿಡಿದು ನಿಲ್ಲಿಸುವುದು ಹೇಜಲ್ ಅಥವಾ ವಿಲ್ಲೋ ಮರದ ತೆಳು ಕಡ್ಡಿ. ನಡುವೆ ತಿರುಚಿ ಹೇರ್‌ಪಿನ್ನಿನಂತೆ ಬಗ್ಗಿಸಿ, ಆ ಮಣ್ಣಿನ ಪದರಕ್ಕೆ ಚುಚ್ಚುತ್ತಾರೆ. ಕಡ್ಡಿಯ ಎರಡು ತುದಿಯೂ ಮೇಲ್ಮುಖವಾಗಿ ಹೋಗಬೇಕು. ಕೆಳಮುಖವಾಗಿ ಚುಚ್ಚಿದರೆ ಮಳೆನೀರು ಕಡ್ಡಿ ಹಿಡಿದು ಒಳಗೆ ಇಳಿಯುತ್ತದೆ.

ಜನ ಈ ಮನೆ ಬಿಟ್ಟು ಯಾಕೆ ಹೊರಟರು? ಅಲ್ಸ್ಟರ್‌ನವರಲ್ಲಿ ಬಹುಪಾಲು ಹದಿನೇಳನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದ ಪ್ರೆಸ್ಬಿಟೀರಿಯನ್ ಎಂಬ ಪ್ರಾಟೆಸ್ಟಂಟ್ ಕ್ರೈಸ್ತ ಪಂಥದವರು. ಅಮೆರಿಕದಲ್ಲಿ ಅವರಿಗೆ ಸ್ಕಾಚ್-ಐರಿಶ್ ಎಂಬ ಹೆಸರು ನಿಂತಿತು. ಗೇಣಿಯ ಅವಧಿ ಮುಗಿದಾಗಲೆಲ್ಲ ಜಮೀನುದಾರರು ಗೇಣಿ ಏರಿಸಿದರು. 1704ರ ಟೆಸ್ಟ್ ಕಾಯ್ದೆ, ಸರ್ಕಾರಿ ಚರ್ಚಿಗೆ ಸೇರದವರೆಂದು, ಸರ್ಕಾರಿ ಹುದ್ದೆಗಳಿಂದ ಅವರನ್ನು ಹೊರಗಿಟ್ಟಿತು. ನಾರುಬಟ್ಟೆಯ ವ್ಯಾಪಾರ ಬಿದ್ದಾಗ, ಬೆಳೆ ಹೋದಾಗ ಹಡಗು ತುಂಬಿತು. 1717ರಿಂದ 1775ರವರೆಗೆ ಅಲೆ ಅಲೆಯಾಗಿ ಹೊರಟವರ ಅಂದಾಜು ಒಂದು ಲಕ್ಷದಿಂದ ಎರಡೂವರೆ ಲಕ್ಷದವರೆಗೆ ಹರಿದಾಡುತ್ತದೆ. ಆಲೂಗಡ್ಡೆ ಬರಗಾಲದ ವಲಸೆ ಇದಕ್ಕೂ ನೂರು ವರ್ಷ ಆಚೆಯದು, ಹೆಚ್ಚಾಗಿ ಊರು ಪಟ್ಟಣ ಸೇರಿದವರದು. ಎರಡನ್ನೂ ಕಲಸಿ ಹೇಳುವ ಅಭ್ಯಾಸ ಬಹಳ ಜನಕ್ಕಿದೆ.

ಸಂಜೆ ವೇಳೆ ಉಳಿದರೆ ಜರ್ಮನ್ ಮನೆಗೂ ಒಂದು ಸುತ್ತು ಹಾಕಿ. ಅದರ ಚಿಮಣಿ ಮನೆಯ ನಡುವಿನಿಂದ ಏಳುತ್ತದೆ. ಕಣಿವೆಯಲ್ಲಿ ಹಳೆಯ ಮನೆ ಕಂಡಾಗ ಚಿಮಣಿ ನಡುವೆ ಇದ್ದರೆ ಜರ್ಮನ್ ಕೈ, ತುದಿಯಲ್ಲಿದ್ದರೆ ಐರಿಶ್ ಅಥವಾ ಇಂಗ್ಲಿಷ್ ಕೈ ಎಂದು ಮೊದಲ ಊಹೆ ಮಾಡಬಹುದು. ಪ್ರತಿ ಸಲವೂ ಸರಿಹೋಗುವುದಿಲ್ಲ.

ಎರಡನೆಯ ದಿನ: ದಿಮ್ಮಿ, ಕೊಡಲಿ, ಕಚ್ಚು

ಅದೇ ಮ್ಯೂಸಿಯಂನ ಅಮೆರಿಕದ ಭಾಗಕ್ಕೆ ಒಂದು ಇಡೀ ದಿನ ಕೊಡಿ. 1740ರ ದಶಕದ ನೆಲೆಯೆಂದು ಪುನರ್ರಚಿಸಿದ ಸಣ್ಣ ಕ್ಯಾಬಿನ್, ಆಮೇಲೆ ರಾಕಿಂಗ್‌ಹ್ಯಾಮ್ ಕೌಂಟಿಯಿಂದ ತಂದ, 1820ರ ದಶಕದ ತೋಟವಾಗಿ ತೋರಿಸುವ ದೊಡ್ಡ ದಿಮ್ಮಿಮನೆ. ಮೊದಲನೆಯದು ಬಂದ ಹೊಸತರಲ್ಲಿ ಆತುರಕ್ಕೆ ಕಟ್ಟಿದ್ದು. ಎರಡನೆಯದು ಜರ್ಮನ್ ಮೂಲದ ಕುಟುಂಬದ್ದು, ಬೇರು ಬಿಟ್ಟ ಮೇಲೆ ಕಟ್ಟಿದ್ದು. ಆ ಕಾಲದವರ ಮಾತಿನಲ್ಲೇ ಈ ಭೇದವಿತ್ತು: ದುಂಡು ದಿಮ್ಮಿ, ಮಣ್ಣಿನ ನೆಲ, ಗಾಜಿಲ್ಲದ ಕಿಟಕಿ ಇದ್ದರೆ ಕ್ಯಾಬಿನ್, ದಿಮ್ಮಿಯನ್ನು ಚಪ್ಪಟೆಯಾಗಿ ಕೆತ್ತಿ, ಹಲಗೆಯ ನೆಲ, ಕಲ್ಲಿನ ಚಿಮಣಿ ಹಾಕಿದರೆ ಮನೆ.

ದಿಮ್ಮಿ ವಿದ್ಯೆ ಅಮೆರಿಕಕ್ಕೆ ಬಂದದ್ದು ಯಾರಿಂದ ಎಂಬ ಬಗ್ಗೆ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. 1638ರಲ್ಲಿ ಡೆಲವೇರ್ ಕಣಿವೆಯಲ್ಲಿ ನ್ಯೂ ಸ್ವೀಡನ್ ವಸಾಹತು ಶುರುವಾಯಿತು. ಅಲ್ಲಿಗೆ ಬಂದ ಫಿನ್ನಿಷ್ ಜನರೇ ಗುರುಗಳು ಎನ್ನುವವರಿದ್ದಾರೆ, ಪೆನ್ಸಿಲ್ವೇನಿಯಾದ ಜರ್ಮನ್ನರು ಎನ್ನುವವರಿದ್ದಾರೆ. ಐರಿಶರಲ್ಲ ಎನ್ನುವುದರಲ್ಲಿ ಮಾತ್ರ ಎಲ್ಲರೂ ಒಂದೇ. ಫಿಲಡೆಲ್ಫಿಯಾದಲ್ಲಿ ಹಡಗಿಳಿದು ಲ್ಯಾಂಕಾಸ್ಟರ್ ದಾರಿ ಹಿಡಿದವರು ಒಂದೆರಡು ವರ್ಷದಲ್ಲಿ ಇದನ್ನು ಕೈವಶ ಮಾಡಿಕೊಂಡರು. ಆದರೆ ಕಟ್ಟಿದ ಮನೆಯ ಅಳತೆ ನೋಡಿ: ಇಂಗ್ಲಿಷ್ ಸಂಪ್ರದಾಯದ ಕ್ಯಾಬಿನ್ 16ಕ್ಕೆ 16 ಅಡಿಯ ಚೌಕ, ಸ್ಕಾಚ್-ಐರಿಶ್ ಕ್ಯಾಬಿನ್ 16ಕ್ಕೆ 22 ಅಥವಾ 24 ಅಡಿಯ ಆಯತ, ಎದುರುಬದುರು ಎರಡು ಬಾಗಿಲು, ತುದಿಗೋಡೆಗೆ ಒಲೆ. ಕಾಡಿನಲ್ಲಿ ಎಪ್ಪತ್ತಡಿಯ ಮರ ಬೇಕಾದಷ್ಟಿದ್ದಾಗಲೂ 16 ಅಡಿ ಅಗಲ ಬದಲಾಗಲಿಲ್ಲ. ಮರವೇ ಇಲ್ಲದ ನಾಡಿನ ಅಳತೆ ಮರವೇ ತುಂಬಿದ ನಾಡಿನಲ್ಲೂ ನಡೆಯಿತು.

ಈಗ ಕೆಲಸದ ವಿಷಯ. 16ಕ್ಕೆ 22 ಅಡಿ, ಎಂಟು ಅಡಿ ಎತ್ತರದ ಗೋಡೆ ಎಂದಿಟ್ಟುಕೊಳ್ಳಿ. ದಿಮ್ಮಿ 10 ಅಂಗುಲ, ಸಂದು 2 ಅಂಗುಲ, ಅಲ್ಲಿಗೆ ಒಂದು ಸುತ್ತಿಗೆ ಒಂದು ಅಡಿ. ಎಂಟು ಸುತ್ತು, ಸುತ್ತಿಗೆ ನಾಲ್ಕು: 32 ದಿಮ್ಮಿ. ಅಟ್ಟ, ಮಾಡು, ಒಡೆದು ಹೋಗುವ ಒಂದೆರಡು, ಎಲ್ಲ ಸೇರಿ ಐವತ್ತು ಮರ ಬೀಳಿಸಬೇಕು. 22 ಅಡಿಯ ಹಸಿ ಬಿಳಿ ಓಕ್ ದಿಮ್ಮಿ ಸುಮಾರು 330 ಕಿಲೋ ತೂಗುತ್ತದೆ. ಟ್ಯುಲಿಪ್ ಪಾಪ್ಲರ್ ಆದರೆ 200 ಕಿಲೋ. ಅದಕ್ಕೇ ನೆಲಕ್ಕೆ ಹತ್ತಿರದ ದಿಮ್ಮಿಗೆ ಕೊಳೆಯದ ಓಕ್, ಮೇಲೆ ಎತ್ತಬೇಕಾದದ್ದಕ್ಕೆ ಹಗುರವಾದ, ನೆಟ್ಟಗೆ ಬೆಳೆಯುವ ಪಾಪ್ಲರ್. ಚೆಸ್ಟ್‌ನಟ್ ಸಿಕ್ಕರೆ ಇನ್ನೂ ಒಳ್ಳೆಯದು, ಕೊಳೆಯುವುದು ಕಡಿಮೆ. ಆ ಮರ ಈಗ ಕಾಡಿನಲ್ಲಿ ಇಲ್ಲವೆನ್ನುವಷ್ಟು ಅಪರೂಪ; 1904ರಲ್ಲಿ ನ್ಯೂಯಾರ್ಕಿನಲ್ಲಿ ಕಂಡ ಶಿಲೀಂಧ್ರರೋಗ ಕೆಲವೇ ದಶಕಗಳಲ್ಲಿ ಕೋಟಿಗಟ್ಟಲೆ ಮರಗಳನ್ನು ತಿಂದುಹಾಕಿತು.

ಮರ ಕಡಿಯುವುದು ಚಳಿಗಾಲದಲ್ಲಿ. ಕೀಟ ಇರುವುದಿಲ್ಲ, ತಂಪಿನಲ್ಲಿ ಮರ ನಿಧಾನಕ್ಕೆ ಒಣಗುವುದರಿಂದ ಬಿರುಕು ಕಡಿಮೆ, ಹಿಮದ ಮೇಲೆ ಎಳೆಯುವುದೂ ಸುಲಭ. ಬೇಸಿಗೆಯಲ್ಲಿ ಕಡಿದು ತೊಗಟೆ ಬಿಟ್ಟರೆ ತೊಗಟೆಯಡಿ ಹುಳು ಮನೆಮಾಡುತ್ತದೆ, ಮೊದಲ ವರ್ಷದಲ್ಲೇ ಗೋಡೆಯಿಂದ ಹುಡಿ ಉದುರುತ್ತದೆ.

ದಿಮ್ಮಿ ಕೆತ್ತುವುದನ್ನು ಮ್ಯೂಸಿಯಂನಲ್ಲಿ ಮಾಡಿ ತೋರಿಸುವ ದಿನ ಸಿಕ್ಕರೆ ಬಿಡಬೇಡಿ. ದಿಮ್ಮಿಯ ಮೇಲೆ ಬಣ್ಣದ ದಾರ ಎಳೆದು ಬಿಡುತ್ತಾರೆ, ನೇರ ಗೆರೆ ಬೀಳುತ್ತದೆ. ಮೊದಲು ಸಾಮಾನ್ಯ ಕೊಡಲಿಯಿಂದ ಅಡಿಗೊಂದರಂತೆ ಗೆರೆಯವರೆಗೆ ಅಡ್ಡ ಗಾಯ. ಆಮೇಲೆ ಆ ಗಾಯಗಳ ನಡುವಿನ ತುಂಡುಗಳನ್ನು ಅಗಲಬಾಯಿಯ ಕೊಡಲಿಯಿಂದ ಸವರಿ ಕೆಡವುವುದು. ಈ ಕೊಡಲಿಯ ಬಾಯಿ ಒಂದೇ ಕಡೆ ಸಾಣೆ ಹಿಡಿದದ್ದು, ಹಿಡಿ ಸ್ವಲ್ಪ ಹೊರಕ್ಕೆ ಬಾಗಿದ್ದು. ಇಲ್ಲದಿದ್ದರೆ ಬೆರಳಿನ ಗಂಟು ದಿಮ್ಮಿಗೆ ಉಜ್ಜಿ ಸಿಪ್ಪೆ ಹೋಗುತ್ತದೆ. ಗಾಯ ಗೆರೆ ದಾಟಿ ಆಳಕ್ಕೆ ಹೋದರೆ ಮುಗಿದ ಗೋಡೆಯ ಮೇಲೆ ಅಡ್ಡ ಕಚ್ಚುಗಳಾಗಿ ಉಳಿಯುತ್ತದೆ. ಹಳೆಯ ಮನೆಗಳ ಗೋಡೆ ಮುಟ್ಟಿ ನೋಡಿ, ಅಂಥವು ಎಷ್ಟೋ ಸಿಗುತ್ತವೆ. ಇನ್ನೂರು ವರ್ಷ ಹಿಂದೆ ಯಾರದೋ ಕೈ ಸೋತದ್ದು ಅಲ್ಲೇ ಇದೆ. ಎರಡು ಮುಖ ಮಾತ್ರ ಕೆತ್ತುತ್ತಾರೆ, ಮನೆಯ ಒಳಮುಖ ಮತ್ತು ಹೊರಮುಖ. ಮೇಲೆ ಕೆಳಗೆ ದುಂಡಾಗಿಯೇ ಬಿಡುತ್ತಾರೆ, ಅಲ್ಲಿ ಸಂದು ತುಂಬುವ ಮಣ್ಣಿನ ಮೆತ್ತು ಕೂರುತ್ತದೆ.

ಇನ್ನು ಮೂಲೆ. ಮನೆಯ ಜಾತಕ ಇರುವುದು ಇಲ್ಲೇ.

ಮೂಲೆಯಲ್ಲಿ ದಿಮ್ಮಿಯ ಮೇಲೆ ದಿಮ್ಮಿ ಕೂರುವಂತೆ ಕೆತ್ತುವ ಕಚ್ಚು ಮೂರು ಬಗೆ ಕಲಿತರೆ ಸಾಕು. ಮೊದಲನೆಯದು ಜೀನು ಕಚ್ಚು: ಕುದುರೆಯ ಬೆನ್ನಿಗೆ ಜೀನು ಕೂತಂತೆ ಮೇಲಿನ ದಿಮ್ಮಿಯ ತಳಕ್ಕೆ ಅರೆವೃತ್ತದ ತೋಡು. ದುಂಡು ದಿಮ್ಮಿಗೆ ಸರಿ, ಬೇಗ ಮುಗಿಯುತ್ತದೆ. ತೋಡನ್ನು ದಿಮ್ಮಿಯ ತಳಕ್ಕೇ ಮಾಡಬೇಕು. ಮೇಲ್ಮುಖಕ್ಕೆ ಮಾಡಿದರೆ ಅದು ಬೋಗುಣಿಯಾಗಿ ಮಳೆನೀರು ಹಿಡಿದು ನಿಲ್ಲಿಸುತ್ತದೆ, ಮೂಲೆಯೇ ಮೊದಲು ಕೊಳೆಯುತ್ತದೆ.

ಎರಡನೆಯದು ವಿ ಕಚ್ಚು. ಕೆಳಗಿನ ದಿಮ್ಮಿಯ ತುದಿಯನ್ನು ಮನೆಮಾಡಿನಂತೆ ಎರಡು ಇಳಿಜಾರಾಗಿ ಕೆತ್ತಿ, ಮೇಲೆ ಬರುವ ದಿಮ್ಮಿಯ ತಳಕ್ಕೆ ಅದಕ್ಕೆ ಕೂರುವ ತೋಡು. ನೀರು ಎರಡೂ ಕಡೆ ಜಾರಿಹೋಗುತ್ತದೆ. ದಿಮ್ಮಿಯ ತುದಿ ಗೋಡೆಯಿಂದಾಚೆ ಚಾಚದೆ ನುಣ್ಣಗೆ ಮುಗಿಯುತ್ತದೆ, ಆಮೇಲೆ ಹೊರಗಿನಿಂದ ಹಲಗೆ ಹೊಡೆಯಬೇಕೆಂದರೆ ಅಡ್ಡಿಯಿಲ್ಲ. ಪೆನ್ಸಿಲ್ವೇನಿಯಾದಿಂದ ಶೆನಾಂಡೊವಾವರೆಗೆ ಹೆಚ್ಚಾಗಿ ಕಾಣುವುದು ಇದೇ. ಮೂರನೆಯದು ಹಾಫ್ ಡವ್‌ಟೇಲ್, ಅಂದರೆ ಪಾರಿವಾಳದ ಬಾಲದ ಅರ್ಧದಂಥ ಕಚ್ಚು. ಮೇಲ್ಮುಖ ಹೊರಕ್ಕೆ ಒಂದೇ ಇಳಿಜಾರು, ಕೆಳಗಿನ ಅಂಚು ನೆಟ್ಟಗೆ. ನೀರು ಹೊರಗೇ ಬೀಳುತ್ತದೆ, ಮೇಲಿನ ದಿಮ್ಮಿಯ ಬಾಲ ಕೆಳಗಿನ ಗೋಡೆಯನ್ನು ಹೊರಕ್ಕೆ ಉಬ್ಬಲು ಬಿಡುವುದಿಲ್ಲ. ಒಂದು ಮೊಳೆಯೂ ಬೇಡ, ಮನೆಯ ತೂಕವೇ ಬೀಗ. ಇದು ದಕ್ಷಿಣಕ್ಕೆ, ಟೆನೆಸ್ಸಿ ಕಡೆ ಹೋದಷ್ಟೂ ಜಾಸ್ತಿ. ಮುಂದಿನ ದಿನಗಳಲ್ಲಿ ಕಾರಿನಲ್ಲಿ ಹೋಗುತ್ತಲೇ ಈ ಬದಲಾವಣೆ ಕಾಣಬಹುದು.

ಗೋಡೆ ಏಳುವ ದಿನ ನಾಲ್ಕು ಮೂಲೆಗೆ ನಾಲ್ವರು ಅನುಭವಿ ಕೊಡಲಿಗಾರರು ಹತ್ತಿ ಕೂರುತ್ತಿದ್ದರು. ಉಳಿದವರು ಗೋಡೆಗೆ ಓರೆಯಾಗಿ ಒರಗಿಸಿದ ಎರಡು ಕಂಬಗಳ ಮೇಲೆ ದಿಮ್ಮಿ ಉರುಳಿಸಿ ಮೇಲಕ್ಕೆ ತಳ್ಳುತ್ತಿದ್ದರು. ಬಾಗಿಲು ಕಿಟಕಿಗೆ ಮೊದಲೇ ಜಾಗ ಬಿಡುವುದಿಲ್ಲ. ಗೋಡೆ ಪೂರ್ತಿ ಏಳಿಸಿ, ಆಮೇಲೆ ಕೊರೆದು, ಕತ್ತರಿಸಿದ ತುದಿಗಳಿಗೆ ದಾರಂದ ಇಟ್ಟು, ಬೈರಿಗೆಯಿಂದ ತೂತು ಕೊರೆದು ಮರದ ಗೂಟ ಹೊಡೆಯುತ್ತಾರೆ. ಗೂಟ ಹೊಡೆಯುವ ಮೊದಲೇ ಅಗಲಕ್ಕೆ ಕೊರೆದರೆ ತೂಗಾಡುವ ದಿಮ್ಮಿಗಳು ಹೊರಕ್ಕೆ ತಿರುಗುತ್ತವೆ.

ಸಂದು ತುಂಬುವುದು ಎರಡು ಹಂತ. ಮೊದಲು ಸೀಳಿದ ಮರದ ತುಂಡು ಅಥವಾ ಚಪ್ಪಟೆ ಕಲ್ಲನ್ನು ಓರೆಯಾಗಿ ಬಿಗಿಯುವುದು, ಆಮೇಲೆ ಎರಡೂ ಕಡೆ ಮೆತ್ತು. ಜೇಡಿಮಣ್ಣು, ಕತ್ತರಿಸಿದ ಹುಲ್ಲು ಅಥವಾ ಪ್ರಾಣಿಕೂದಲು, ಸಿಕ್ಕರೆ ಸ್ವಲ್ಪ ಸುಣ್ಣ. ನಾವು ಮೇಲೆ ಹೇಳಿದ ಮನೆಗೆ ಸಂದಿನ ಅರ್ಧವನ್ನು ಮರ ತುಂಬಿದರೂ ಮಣ್ಣು ಅರ್ಧ ಘನ ಮೀಟರಿಗಿಂತ ಹೆಚ್ಚು ಬೇಕು, ಅಂದರೆ ಒಂದು ಟನ್ ದಾಟುತ್ತದೆ. ಕೆಳಗಿನ ದಿಮ್ಮಿಯ ಮುಖಕ್ಕಿಂತ ಮೆತ್ತು ತುಸು ಒಳಗಿರಬೇಕು, ಹೊರಕ್ಕೆ ಇಳಿಜಾರಾಗಿರಬೇಕು. ಮುಂದಕ್ಕೆ ಉಬ್ಬಿದರೆ ಅದೇ ನೀರಿಗೆ ಜಗಲಿ. ದಿಮ್ಮಿ ಹಸಿಯಾಗಿದ್ದಾಗಲೇ ಗೋಡೆ ಏರಿಸಿದ್ದರಿಂದ ಒಣಗುತ್ತ ಕುಗ್ಗುತ್ತದೆ, ಮೆತ್ತು ಬಿರಿದು ಬೀಳುತ್ತದೆ. ಪ್ರತಿ ವರ್ಷ ಚಳಿ ಬರುವ ಮೊದಲು ಮತ್ತೆ ಮೆತ್ತುವುದು ಮನೆಯ ಖಾಯಂ ಕೆಲಸ.

ಇದನ್ನು ತಪ್ಪಿಸಲು ಇಪ್ಪತ್ತನೆಯ ಶತಮಾನದಲ್ಲಿ ಬಹಳ ಜನ ಸಿಮೆಂಟ್ ಮೆತ್ತಿದರು. ಹಳೆಯ ದಿಮ್ಮಿಮನೆಗೆ ಇದಕ್ಕಿಂತ ದೊಡ್ಡ ಅಪಕಾರ ಇಲ್ಲ. ಸಿಮೆಂಟ್ ಮರದ ಜೊತೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ನೀರು ಒಳಗಿಳಿಯುತ್ತದೆ, ಹೊರಬರಲು ದಾರಿ ಇರುವುದಿಲ್ಲ. ಹೊರಗೆ ಗಟ್ಟಿಯಾಗಿ ಕಾಣುವ ಗೋಡೆಯ ದಿಮ್ಮಿ ಒಳಗೆ ಕಾಫಿಪುಡಿಯಂತಾಗಿರುತ್ತದೆ. ಮಣ್ಣಿನ ಮೆತ್ತು ಬೀಳುತ್ತದೆ ನಿಜ, ಬಿದ್ದು ಮರವನ್ನು ಉಳಿಸುತ್ತದೆ.

ಮಾಡಿಗೆ ಹುಲ್ಲು ಯಾಕಿಲ್ಲ? ಕಾಡು ಕಡಿದು ಮೊದಲು ಹಾಕಿದ್ದು ಮೆಕ್ಕೆಜೋಳ. ಹೊದಿಸಲು ಬೇಕಾದಷ್ಟು ಗೋಧಿಹುಲ್ಲು ಕೈಗೆ ಬರಲು ವರ್ಷಗಳು ಬೇಕು. ಓಕ್ ಮಾತ್ರ ಸುತ್ತಲೂ ಇತ್ತು. ನಾಲ್ಕಡಿ ಉದ್ದದ ತುಂಡು ಕತ್ತರಿಸಿ, ಬೆಣೆಯಿಂದ ಸೀಳಿ, ಆಮೇಲೆ ಫ್ರೋ ಎಂಬ ಸೀಳುಗತ್ತಿಯನ್ನು ಕೊಡತಿಯಿಂದ ಹೊಡೆದು ತೆಳು ಹಲಗೆ ತೆಗೆಯುತ್ತಾರೆ. ಹಲಗೆ ಆರಂಗುಲ ಅಗಲವಿದ್ದು, ಸಂದಿನ ಮೇಲೆ ಇನ್ನೊಂದು ಬರುವಂತೆ ಜೋಡಿಸಿದರೆ ಈ ಮನೆಗೆ ಸುಮಾರು 700 ಬೇಕು. ಸೀಳು ಒಂದು ಕಡೆ ತೆಳ್ಳಗಾಗುತ್ತ ಹೋದರೆ ದಪ್ಪ ಇರುವ ಕಡೆಯನ್ನು ಕೆಳಗೆ ಮಾಡಿ ಒತ್ತಬೇಕು, ಸೀಳು ಅತ್ತ ತಿರುಗುತ್ತದೆ. ಗರಗಸದ ಹಲಗೆಗಿಂತ ಇದು ಹೆಚ್ಚು ಬಾಳುತ್ತದೆ, ಏಕೆಂದರೆ ಸೀಳು ಮರದ ನಾರನ್ನು ಹಿಡಿದೇ ಹೋಗುತ್ತದೆ, ನಾರು ತುಂಡಾಗುವುದಿಲ್ಲ. ಬಿಳಿ ಓಕ್ ಆದರೆ ಇನ್ನೂ ಮೇಲು: ಅದರ ತಿರುಳಿನ ರಂಧ್ರಗಳು ತಾವಾಗಿ ಮುಚ್ಚಿಕೊಂಡಿರುತ್ತವೆ. ಕೆಂಪು ಓಕಿನವು ತೆರೆದೇ ಇರುತ್ತವೆ, ಸಣ್ಣ ತುಂಡಿನ ಒಂದು ತುದಿ ನೀರಿನಲ್ಲಿ ಅದ್ದಿ ಇನ್ನೊಂದರಿಂದ ಊದಿದರೆ ಗುಳ್ಳೆ ಬರುತ್ತದೆ. ಮೊಳೆ ದುಬಾರಿಯಾಗಿದ್ದರಿಂದ ಹಲಗೆಯನ್ನು ಮೇಲೆ ಅಡ್ಡಲಾಗಿ ಹೇರಿದ ಭಾರದ ಗಳಗಳೇ ಒತ್ತಿ ಹಿಡಿಯುತ್ತಿದ್ದವು.

ಮೊದಲ ಚಿಮಣಿ ಮರದ್ದೇ. ಕಡ್ಡಿಗಳನ್ನು ಪಂಜರದಂತೆ ಪೇರಿಸಿ ಒಳಹೊರಗೆ ದಪ್ಪ ಜೇಡಿ ಬಳಿಯುವುದು. ಜೇಡಿ ಉದುರಿದ ಕಡೆ ಕಡ್ಡಿಗೆ ಬೆಂಕಿ ಹತ್ತುತ್ತದೆ. ಅದಕ್ಕಾಗಿ ಚಿಮಣಿಯನ್ನು ಗೋಡೆಯಿಂದ ತುಸು ಹೊರಕ್ಕೆ ವಾಲಿಸಿ, ಊರುಗೋಲು ಕೊಟ್ಟು ನಿಲ್ಲಿಸುತ್ತಿದ್ದರು. ಬೆಂಕಿ ಬಿದ್ದರೆ ಊರುಗೋಲು ಒದ್ದು ಚಿಮಣಿಯನ್ನು ಅಂಗಳಕ್ಕೆ ಕೆಡವಿದರೆ ಮನೆ ಉಳಿಯಿತು.

ಮೂರನೆಯ ದಿನ: ರೂಟ್ 11, ಕಲ್ಲಿನ ಗುಡಿಗಳು

ಇಂದು ಕಾರಿನ ದಿನ. ಇಂಟರ್‌ಸ್ಟೇಟ್ ಬಿಟ್ಟು ರೂಟ್ 11 ಹಿಡಿಯಿರಿ. ಫಿಲಡೆಲ್ಫಿಯಾದಿಂದ ದಕ್ಷಿಣಕ್ಕೆ ವಲಸಿಗರು ಬಂದ ಗ್ರೇಟ್ ವ್ಯಾಗನ್ ರೋಡ್ ಹೆಚ್ಚುಕಡಿಮೆ ಇದೇ ದಾರಿ. ಮೊದಲು ಉತ್ತರಕ್ಕೆ ಸ್ವಲ್ಪ ಹೋಗಿ ಫೋರ್ಟ್ ಡಿಫೈಯನ್ಸ್‌ನ ಅಗಸ್ಟಾ ಸ್ಟೋನ್ ಚರ್ಚ್ ನೋಡಿ. 1749ರಲ್ಲಿ ಮುಗಿದ ಸುಣ್ಣಕಲ್ಲಿನ ಕಟ್ಟಡ. 1755ರಲ್ಲಿ ಬ್ರಿಟಿಷ್ ಸೇನಾಪತಿ ಬ್ರ್ಯಾಡಕ್‌ನ ಸೈನ್ಯ ಸೋತ ಮೇಲೆ ಮೂಲನಿವಾಸಿಗಳ ದಾಳಿಯ ಭಯಕ್ಕೆ ಇದರ ಸುತ್ತ ಕೋಟೆ ಕಟ್ಟಿದರು. ತಾವು ದಿಮ್ಮಿಮನೆಯಲ್ಲಿದ್ದು ದೇವರಿಗೆ ಕಲ್ಲುಮನೆ ಕಟ್ಟಿದ ಜನಕ್ಕೆ ಕಲ್ಲಿನ ಕೆಲಸ ಮರೆತಿರಲಿಲ್ಲ ಎಂಬುದಕ್ಕೆ ಈ ಗೋಡೆಯೇ ಸಾಕ್ಷಿ. ಬಿಡುವು ಇರಲಿಲ್ಲ, ಅಷ್ಟೇ.

ಸ್ಟಾಂಟನ್ನಿಗೆ ನೆಲೆ ಹಾಕಿದವನೆಂದು ಹೆಸರಾದ ಜಾನ್ ಲೂಯಿಸ್ 1732ರಲ್ಲಿ ಇಲ್ಲಿಗೆ ಬಂದ. ಐರ್ಲೆಂಡಿನಲ್ಲಿ ಜಮೀನುದಾರನನ್ನು ಕೊಂದು ಓಡಿಬಂದವನು. ಆ ಸಂಗತಿ ಅವನ ಸಮಾಧಿಕಲ್ಲಿನ ಮೇಲೆಯೇ ಇದೆ. 1736ರಲ್ಲಿ ವಿಲಿಯಂ ಬೆವರ್ಲಿ ಎಂಬವನಿಗೆ ಈ ಸುತ್ತಿನ 1,18,491 ಎಕರೆ ಮಂಜೂರಾಯಿತು. ಅದರ ದಕ್ಷಿಣಕ್ಕೆ ಬೆಂಜಮಿನ್ ಬೋರ್ಡನ್ನನ ಜಮೀನು, ಇಂದಿನ ರಾಕ್‌ಬ್ರಿಜ್ ಕೌಂಟಿಯ ಭಾಗ. ಜನ ನೆಲೆಸದಿದ್ದರೆ ಬೋರ್ಡನ್ನನಿಗೆ ಹಕ್ಕು ಗಟ್ಟಿಯಾಗುವಂತಿರಲಿಲ್ಲ. ಹಾಗಾಗಿ ಒಂದು ಕ್ಯಾಬಿನ್ ಕಟ್ಟಿದವನಿಗೆ 100 ಎಕರೆ ಎಂದು ಕರೆದ. ಇದಕ್ಕೆ ಕ್ಯಾಬಿನ್ ಹಕ್ಕು ಎಂದೇ ಹೆಸರು. ಅಲ್ಲಿಗೆ ಕ್ಯಾಬಿನ್ ಎಂದರೆ ವಾಸದ ಮನೆ ಮಾತ್ರವಲ್ಲ, ಜಮೀನಿನ ರಸೀದಿ. ಎರಡು ದಿನದಲ್ಲಿ ಹೇಗೋ ಏಳಿಸಿದ ದುಂಡು ದಿಮ್ಮಿಯ ಗೂಡುಗಳು ಅಷ್ಟೊಂದು ಯಾಕೆ ಹುಟ್ಟಿದವು, ಇಂದು ಹೆಚ್ಚುಕಡಿಮೆ ಯಾಕೆ ಉಳಿದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಉಳಿದಿರುವುದು ಬಹುಪಾಲು ಆಮೇಲಿನ, ಕೆತ್ತಿದ ದಿಮ್ಮಿಯ ಮನೆಗಳು.

ರಾಫೀನ್ ಬಳಿಯ ಮೆಕಾರ್ಮಿಕ್ ಫಾರ್ಮ್‌ನಲ್ಲಿ ಒಂದು ಗಂಟೆ ಸಾಕು. 1831ರಲ್ಲಿ ಕಟಾವು ಯಂತ್ರ ಓಡಿಸಿ ತೋರಿಸಿದ ಸೈರಸ್ ಮೆಕಾರ್ಮಿಕ್ ಅಲ್ಸ್ಟರ್ ಮೂಲದವನು. ಯಂತ್ರ ರೂಪಿಸುವಾಗ ಜೊತೆಗೆ ದುಡಿದ ಜೋ ಆಂಡರ್ಸನ್ ಆ ಮನೆಯ ಗುಲಾಮ. ಯಂತ್ರಕ್ಕಿಂತ ನಮಗೆ ಬೇಕಾದದ್ದು ಅಲ್ಲಿನ ದಿಮ್ಮಿಯ ಹಿಟ್ಟಿನ ಗಿರಣಿ ಮತ್ತು ಕಮ್ಮಾರಸಾಲೆ. ತಳಕ್ಕೆ ಹೋಗಿ ಕಲ್ಲಿನ ಅಡಿಪಾಯದ ಎತ್ತರ ನೋಡಿ. ತಳದ ದಿಮ್ಮಿ ನೆಲದಿಂದ ಒಂದೂವರೆ ಅಡಿಯಾದರೂ ಮೇಲಿರಬೇಕು. ಸೂರಿನಿಂದ ಬಿದ್ದ ಮಳೆನೀರು ನೆಲಕ್ಕೆ ಹೊಡೆದು ಮೇಲೆ ಚಿಮ್ಮುತ್ತದೆ. ಹಳೆಯ ಮನೆಗಳಲ್ಲಿ ಮೊದಲು ಸಾಯುವುದು ತಳದ ಒಂದೆರಡು ದಿಮ್ಮಿಗಳೇ. ವರ್ಷ ಕಳೆದಂತೆ ಅಂಗಳದ ಮಣ್ಣು ಏರುತ್ತದೆ, ಮಾಲೀಕರಿಗೆ ಗೊತ್ತೇ ಆಗುವುದಿಲ್ಲ.

ಮುಂದೆ ಟಿಂಬರ್ ರಿಜ್‌ನಲ್ಲಿ 1756ರ ಇನ್ನೊಂದು ಕಲ್ಲಿನ ಚರ್ಚ್. ಟೆಕ್ಸಸ್ ಗಣರಾಜ್ಯದ ಮೊದಲ ಅಧ್ಯಕ್ಷ ಸ್ಯಾಮ್ ಹ್ಯೂಸ್ಟನ್ 1793ರಲ್ಲಿ ಹುಟ್ಟಿದ್ದು ಇದರ ಬಳಿಯೇ. ರಾತ್ರಿಗೆ ಲೆಕ್ಸಿಂಗ್ಟನ್.

ಈ ಕಣಿವೆಯ ಕಲ್ಲಿನ ಬಗ್ಗೆ ಒಂದು ಮಾತು. ಇಲ್ಲಿ ನೆಲ ಅಗೆದರೆ ಸುಣ್ಣಕಲ್ಲು. ಗೋಡೆಗೆ ಚೆನ್ನ, ಒಲೆಯ ಒಳಮುಖಕ್ಕೆ ಕೆಟ್ಟದ್ದು. ದೊಡ್ಡ ಬೆಂಕಿ ತಾಗಿದ ಕಡೆ ಕಲ್ಲು ಚಕ್ಕೆ ಏಳುತ್ತದೆ, ಮತ್ತೂ ಕಾದರೆ ಸುಟ್ಟ ಸುಣ್ಣವಾಗಿ ಉದುರುತ್ತದೆ. ಆದ್ದರಿಂದ ತಿಳಿದವರು ಬೆಂಕಿ ಕೂರುವ ಜಾಗಕ್ಕೆ ಮರಳುಗಲ್ಲು ಹುಡುಕಿ ತರುತ್ತಿದ್ದರು, ಇಲ್ಲವಾದರೆ ಜೇಡಿ ಬಳಿದು ಬಳಿದು ಕಾಪಾಡುತ್ತಿದ್ದರು.

ನಾಲ್ಕನೆಯ ದಿನ: ಕಂಬರ್‌ಲ್ಯಾಂಡ್ ಗ್ಯಾಪ್ ಕಡೆಗೆ

ಐದು ಗಂಟೆಯ ಹತ್ತಿರದ ಡ್ರೈವ್, ಬೆಳಿಗ್ಗೆ ಬೇಗ ಹೊರಡಿ. 81ರಲ್ಲಿ ದಕ್ಷಿಣಕ್ಕೆ ಹೋಗಿ, ಆಮೇಲೆ ಯುಎಸ್ 58ರಲ್ಲಿ ಪಶ್ಚಿಮಕ್ಕೆ. ಈವಿಂಗ್ ಊರಿನ ಬಳಿ ವೈಲ್ಡರ್‌ನೆಸ್ ರೋಡ್ ಸ್ಟೇಟ್ ಪಾರ್ಕ್. ಅಲ್ಲಿ ಮಾರ್ಟಿನ್ಸ್ ಸ್ಟೇಷನ್ ಎಂಬ 1775ರ ಗಡಿಕೋಟೆಯನ್ನು ಮತ್ತೆ ಕಟ್ಟಿದ್ದಾರೆ. ಅದನ್ನು ಮೊದಲು ಕಟ್ಟಿಸಿದ ಜೋಸೆಫ್ ಮಾರ್ಟಿನ್ ಐರಿಶನಲ್ಲ, ಆದರೆ ಗಡಿನಾಡಿನ ಬೇಟೆಗಾರ ಡೇನಿಯಲ್ ಬೂನ್ ಅದೇ ವರ್ಷ ಗುರುತು ಮಾಡಿದ ದಾರಿಯಲ್ಲಿ ಕೆಂಟಕಿಗೆ ನುಗ್ಗಿದವರಲ್ಲಿ ಕಣಿವೆಯ ಸ್ಕಾಚ್-ಐರಿಶ್ ಮಕ್ಕಳು ಮೊಮ್ಮಕ್ಕಳು ಬಹಳ ಮಂದಿ.

ಕೋಟೆಯಲ್ಲಿ ಎರಡು ಬಗೆಯ ಮರಗೆಲಸ ಪಕ್ಕಪಕ್ಕದಲ್ಲೇ ಇದೆ: ಅಡ್ಡ ಮಲಗಿಸಿದ ದಿಮ್ಮಿಯ ಕ್ಯಾಬಿನ್, ನೆಲಕ್ಕೆ ನೆಟ್ಟಗೆ ಹೂತ ಕಂಬಗಳ ಬೇಲಿ. ಕಂಬದ ಬೇಲಿ ಏಳಿಸುವುದು ಸುಲಭ, ಕಂದಕ ತೋಡಿ ನಿಲ್ಲಿಸಿ ಮಣ್ಣು ತುಂಬಿದರಾಯಿತು. ಆದರೆ ಮಣ್ಣು ಗಾಳಿ ಎರಡೂ ತಾಗುವ ಆ ಒಂದು ಗೇಣಿನಲ್ಲೇ ಮರ ಮೊದಲು ಕೊಳೆಯುವುದು, ಕೆಲವೇ ವರ್ಷದಲ್ಲಿ ಬುಡ ಸಡಿಲ. ಅಡ್ಡ ದಿಮ್ಮಿಗೆ ಆ ಕಾಟ ಇಲ್ಲ. ಅದೇ ಕಾಲದ ಕ್ಯಾಬಿನ್‌ಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದರೂ ಗಡಿಕೋಟೆಗಳು ಮಾಯವಾದದ್ದಕ್ಕೆ ಇದೂ ಒಂದು ಕಾರಣ.

ಸಂಜೆ ಬೆಳಕಿದ್ದರೆ ಕಂಬರ್‌ಲ್ಯಾಂಡ್ ಗ್ಯಾಪ್ ಎಂಬ ಬೆಟ್ಟದ ನಡುವಿನ ಕಣಿವೆದಾರಿಯನ್ನು ನೋಡಲು ಪಿನಕಲ್ ಓವರ್‌ಲುಕ್ ಹತ್ತಿ. ಮೇಲಿನವರೆಗೂ ಕಾರು ಹೋಗುತ್ತದೆ, ತಿರುವು ಬಿಗಿ, ದೊಡ್ಡ ಗಾಡಿಗೆ ಬಿಡುವುದಿಲ್ಲ.

ಐದನೆಯ ದಿನ: ಕೇಡ್ಸ್ ಕೋವ್

ಟೆನೆಸ್ಸಿಯ ಸ್ಮೋಕಿ ಬೆಟ್ಟದ ನಡುವಿನ ಬಟ್ಟಲು ಈ ಕೇಡ್ಸ್ ಕೋವ್. 11 ಮೈಲಿಯ ಏಕಮುಖ ರಸ್ತೆ. ಪ್ರವೇಶಕ್ಕೆ ಹಣವಿಲ್ಲ, ಕಾರು ನಿಲ್ಲಿಸಲು ದಿನಕ್ಕೆ 5 ಡಾಲರಿನ ಟ್ಯಾಗ್ ಬೇಕು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬುಧವಾರ ಕಾರಿಗೆ ಪ್ರವೇಶವಿಲ್ಲ, ಸೈಕಲ್ ಮತ್ತು ಕಾಲ್ನಡಿಗೆಗೆ ಮಾತ್ರ. ಬೆಳಿಗ್ಗೆ ಒಂಬತ್ತರ ಮೇಲೆ ಹೋದರೆ ಕರಡಿ ಕಂಡವರೆಲ್ಲ ಕಾರು ನಿಲ್ಲಿಸಿ ದಾರಿ ಕಟ್ಟುತ್ತಾರೆ, 11 ಮೈಲಿಗೆ ಮೂರು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ.

ಜಾನ್ ಆಲಿವರ್ ಕ್ಯಾಬಿನ್ 1820ರ ದಶಕದ್ದು, ಕಣಿವೆಯಲ್ಲಿ ಉಳಿದ ಹಳೆಯ ಮನೆಗಳಲ್ಲೊಂದು. ನೇರವಾಗಿ ಮೂಲೆಗೆ ಹೋಗಿ. ಇಲ್ಲಿ ವಿ ಇಲ್ಲ, ಹಾಫ್ ಡವ್‌ಟೇಲ್ ಬಂದಿದೆ. ಮಣ್ಣಿನಲ್ಲಿ ಕೂರಿಸಿದ ಕಲ್ಲಿನ ಚಿಮಣಿ ತುದಿಗೋಡೆಗೆ. ಇಷ್ಟು ದೂರ ಬರುವ ಹೊತ್ತಿಗೆ ಇಂಗ್ಲಿಷರು, ಜರ್ಮನ್ನರು, ಅಲ್ಸ್ಟರ್‌ನವರು ಮದುವೆಯಾಗಿ ಬೆರೆತುಹೋಗಿದ್ದರು. ಇದು ಐರಿಶ್ ಮನೆ, ಇದು ಅಲ್ಲ ಎಂದು ಬೆರಳಿಟ್ಟು ತೋರಿಸುವ ಗೈಡ್ ಇದ್ದರೆ ಅವನ ಮಾತು ಅರ್ಧ ನಂಬಿ. ತಂದವರ ಹೆಸರು ಅಳಿಸಿಹೋಗಿ ಅಳತೆ ಎಲ್ಲರ ಸ್ವತ್ತಾಗಿತ್ತು.

ಕೊನೆಗೆ ಹೆನ್ರಿ ವೈಟ್‌ಹೆಡ್‌ನ ಜಾಗ. ಗಂಡ ಬಿಟ್ಟುಹೋದ ಮಟಿಲ್ಡಾ ಶೀಲ್ಡ್ಸ್‌ಗಾಗಿ ಅಣ್ಣತಮ್ಮಂದಿರು ಅವಸರದಲ್ಲಿ ಎಬ್ಬಿಸಿದ ಪುಟ್ಟ ಕ್ಯಾಬಿನ್ ಒಂದು. ಆಕೆ ಹೆನ್ರಿಯನ್ನು ಮರುಮದುವೆಯಾದ ಮೇಲೆ ಅವನು ಕಟ್ಟಿಸಿದ ಮನೆ ಇನ್ನೊಂದು. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಮೊದಲನೆಯದರ ದಿಮ್ಮಿ ಒರಟು, ಚಿಮಣಿ ಕೈಗೆ ಸಿಕ್ಕ ಕಲ್ಲಿನದು. ಎರಡನೆಯದರ ದಿಮ್ಮಿ ಗರಗಸದಲ್ಲಿ ಚೌಕವಾಗಿ ಕೊಯ್ದದ್ದು, ಎಷ್ಟು ನುಣುಪೆಂದರೆ ದೂರದಿಂದ ದಿಮ್ಮಿಮನೆ ಎಂದೇ ತಿಳಿಯುವುದಿಲ್ಲ, ಚಿಮಣಿ ಇಟ್ಟಿಗೆಯದು. ಎರಡು ಗೋಡೆಗಳ ಮೇಲೂ ಕೈಯಾಡಿಸಿ ನೋಡಿ. ಒಂದರಲ್ಲಿ ಕೊಡಲಿಯ ಏಟು ಬೆರಳಿಗೆ ಸಿಗುತ್ತದೆ, ಇನ್ನೊಂದರಲ್ಲಿ ಸಿಗುವುದಿಲ್ಲ.